ಮಿಂಚುಳ್ಳಿ ತೋರಿಸಲು ಹೋಗಿ ಕಾಗೆಗೆ ಕೈಮುಗಿದದ್ದು

ನನಗೆ ಹಕ್ಕಿಗಳ ವಿಷಯ ಚೆನ್ನಾಗಿ ಗೊತ್ತು. ನಂಜನಗೂಡಿನಲ್ಲಿ ಹುಟ್ಟಿ, ಕಪಿಲಾ ಹೊಳೆಯಲ್ಲಿ ಈಜು ಕಲಿತು, ಅದೇ ಹೊಳೆ ದಡದ ಪಾರ್ಕಿನಲ್ಲಿ ದಿನಾ ವಾಕಿಂಗ್ ಮಾಡುವವನಿಗೆ ಹಕ್ಕಿ ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು? ಹೀಗೆಂದು ನಾನು ಘೋಷಿಸಿದ್ದು, ನನ್ನ ಮಗಳು ಚೈತ್ರಳನ್ನು ನೋಡಲು ಬಂದಿದ್ದ ಹುಡುಗನ ಅಪ್ಪ, ಮೈಸೂರಿನ ಚಂದ್ರಪ್ಪನವರ ಮುಂದೆ. ಅವರಿಗೆ ಹಕ್ಕಿಗಳ ಫೋಟೋ ತೆಗೆಯುವ ಹುಚ್ಚು. ಹುಡುಗ ಹುಡುಗಿ ಒಪ್ಪಿಯಾಗಿತ್ತು. ಚಂದ್ರಪ್ಪನವರ ಬಾಯಿಂದ ‘ಆಗಲಿ’ ಅನ್ನುವ ಮಾತೊಂದು ಬರುವುದು ಬಾಕಿ ಇತ್ತು.

“ಹಾಗಾದ್ರೆ ಭಾನುವಾರ ಬರ್ತೀನಿ. ಒಂದು ಮಿಂಚುಳ್ಳಿ ತೋರಿಸಿ, ಸಾಕು” ಅಂದರು.

“ಒಂದೇ ಯಾಕೆ ಸಾರ್, ಸಂಸಾರ ಸಮೇತ ತೋರಿಸ್ತೀನಿ!” ಅಂದೆ.

ಅವರು ಹೋದ ಮೇಲೆ ನನ್ನ ಹೆಂಡತಿ ಸರೋಜ ತಲೆ ಚಚ್ಚಿಕೊಂಡಳು. “ರೀ, ನಮ್ಮನೆ ಕೋಳಿ ಯಾವುದು, ಪಕ್ಕದ್ಮನೆ ಕೋಳಿ ಯಾವುದು ಅಂತ ನಿಮಗೆ ಗೊತ್ತಾಗಲ್ಲ. ಈ ಸಂಬಂಧ ತಪ್ಪಿಹೋದ್ರೆ ನೋಡಿ ಮತ್ತೆ!” ನಾನು ಮೊಬೈಲಿನಲ್ಲಿ ಮಿಂಚುಳ್ಳಿಯನ್ನು ನೋಡಿಕೊಂಡೆ. ನೀಲಿ ಬೆನ್ನು, ಉದ್ದ ಕೊಕ್ಕು. ಇಷ್ಟೇನಾ!

ಭಾನುವಾರ ಬಂತು. ಹೊಳೆಯ ಮೇಲೆ ಮಂಜು ಕವಿದಿತ್ತು. ನಾನು ತಲೆಗೆ ಮಂಕಿ ಟೋಪಿ, ಕುತ್ತಿಗೆಗೆ ಎರವಲು ತಂದ ದುರ್ಬೀನು ಹಾಕಿಕೊಂಡು ಮುಂದೆ ನಡೆದೆ. ಹಿಂದೆ ಕ್ಯಾಮೆರಾ ಹೊತ್ತ ಚಂದ್ರಪ್ಪನವರು. ಅವರ ಹಿಂದೆ ಉದ್ದಿನ ವಡೆಯ ಡಬ್ಬಿ ಹಿಡಿದ ಸರೋಜ.

ಬಂಡೆಯ ಮೇಲೆ ಕಪ್ಪು ಹಕ್ಕಿಯೊಂದು ರೆಕ್ಕೆ ಹರಡಿಕೊಂಡು ನಿಂತಿತ್ತು. “ನೋಡಿ ಸಾರ್, ಸೈಬೀರಿಯಾದಿಂದ ಬಂದಿರೋದು!”

“ಇದು ನಮ್ಮ ನೀರುಕಾಗೆ ಅಲ್ವಾ?”

“ಹೌದು ಸಾರ್, ಸೈಬೀರಿಯಾದ ನೀರುಕಾಗೆ.”

ಅವರು ಕೆಮ್ಮಿದರು. ಚಳಿಗೆ ಇರಬೇಕು ಅಂದುಕೊಂಡೆ.

ಅಷ್ಟರಲ್ಲಿ ನನ್ನ ಪುಣ್ಯ, ನೀರಿಗೆ ಬಾಗಿದ ಕೊಂಬೆಯ ಮೇಲೆ ಸಾಕ್ಷಾತ್ ಮಿಂಚುಳ್ಳಿ! ಚಂದ್ರಪ್ಪನವರು ಉಸಿರು ಬಿಗಿಹಿಡಿದು ಕ್ಯಾಮೆರಾ ಎತ್ತಿದರು. ಆದರೆ ಪಕ್ಕದ ಪೊದೆಯಾಚೆ ಹತ್ತಾರು ಕಾಗೆಗಳು ಕಾವ್ ಕಾವ್ ಎಂದು ಒಂದೇ ಸಮ ಗಲಾಟೆ. ಮಿಂಚುಳ್ಳಿ ಹೆದರಿ ಹಾರಿಹೋದರೆ ಮಗಳ ಮದುವೆಯೂ ಹಾರಿಹೋದಂತೆ! ನಾನು ಟವಲ್ ಬೀಸುತ್ತಾ, “ಹುಶ್! ಹೋಗ್ರೋ ದರಿದ್ರದವಾ!” ಎಂದು ಅತ್ತ ನುಗ್ಗಿದೆ.

ಕಾಗೆಗಳು ಹಾರಿದವು. ಮಿಂಚುಳ್ಳಿಯೂ ಹಾರಿತು.

“ಯಾವನ್ಲಾ ಅವ್ನು, ನಮ್ಮಪ್ಪನ್ನ ಓಡಿಸ್ದೋನು!”

ನೋಡುತ್ತೇನೆ, ಪೊದೆಯಾಚೆ ಒಂದು ತಿಥಿ ನಡೆಯುತ್ತಿದೆ. ಬಾಳೆಲೆ ತುಂಬ ಎಡೆ: ಮುದ್ದೆ, ಅನ್ನ, ಕಜ್ಜಾಯ, ಜೊತೆಗೊಂದು ಬೀಡಿ ಕಟ್ಟು. ಸುತ್ತ ಹೊಟ್ಟೆ ಹಸಿದುಕೊಂಡು ಕೂತ ನೆಂಟರಿಷ್ಟರು. ಎಡೆಯನ್ನು ಕಾಗೆ ಮುಟ್ಟದೆ ಯಾರೂ ಊಟ ಮಾಡುವಂತಿಲ್ಲವಲ್ಲ! ತಲೆ ಬೋಳಿಸಿಕೊಂಡಿದ್ದ ಮಗ ನನ್ನ ಮೇಲೇ ಬಂದ. “ಒತ್ತಾರೆಯಿಂದ ಕರೀತಾವ್ನಿ ಸಾ. ಈಗ್ತಾನೆ ಇಳೀತಿತ್ತು. ದರಿದ್ರ ಅಂದ್ಬುಟ್ರಲ್ಲ ನಮ್ಮಪ್ಪನ್ನ!”

ಮುದುಕಿಯೊಬ್ಬಳು, ತೀರಿಹೋದವರ ಹೆಂಡತಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ಇದ್ದಾಗ್ಲೂ ಇಂಗೇಯಾ. ಯಾರಾರ ಒಂದ್ಮಾತು ಅಂದ್ರೆ ಎಲೆ ಮುಂದಿಂದ ಎದ್ದೋಗ್ಬುಡೋರು. ಅಂದೋರೇ ಓಗಿ ತೆಪ್ಪಾಯ್ತು ಅನ್ಬೇಕು. ಆಗ್ಲೇ ಬರೋರು.”

ಎಲ್ಲರೂ ನನ್ನನ್ನೇ ನೋಡಿದರು. ಕಾಗೆಗಳೆಲ್ಲ ಮಾಯ. ಹುಣಸೆಮರದ ತುದಿಯಲ್ಲಿ ಒಂದು ಮಾತ್ರ ಮುಖ ತಿರುಗಿಸಿಕೊಂಡು ಕೂತಿತ್ತು. ನಾನು ಮಂಕಿ ಟೋಪಿ ತೆಗೆದು, ಕೈ ಜೋಡಿಸಿ, “ಯಜಮಾನ್ರೇ, ತಪ್ಪಾಯ್ತು. ಬಂದು ಊಟ ಮಾಡಿ” ಅಂದೆ. ಹಿಂದೆ ಕ್ಯಾಮೆರಾ ಕ್ಲಿಕ್ ಅಂತು.

ಕಾಗೆ ಕದಲಲಿಲ್ಲ. “ಬರೀ ಬಾಯಲ್ಲಿ ಕರೆದ್ರೆ ಯಾರು ಬರ್ತಾರೆ?” ಎನ್ನುತ್ತಾ ಸರೋಜ, ಜೋಡಿಸಿದ್ದ ನನ್ನ ಕೈಗಳ ನಡುವೆ ಒಂದು ವಡೆ ತುರುಕಿದಳು. ಮರುಕ್ಷಣ ರಪ್ಪೆಂದು ರೆಕ್ಕೆಯ ಸದ್ದು! ಕಾಗೆ ನನ್ನ ಕೆನ್ನೆ ಸವರಿಕೊಂಡು ಬಂದು ವಡೆ ಕಿತ್ತು, ನೇರವಾಗಿ ಎಡೆಯ ಮೇಲೆ ಇಳಿದು, ಕಜ್ಜಾಯಕ್ಕೂ ಕೊಕ್ಕು ಹಾಕಿತು. ನಾನು ಕೈ ಜೋಡಿಸಿಕೊಂಡೇ ನಿಂತಿದ್ದೆ; ಎಡೆಯಾಚೆಯಿಂದ ಕ್ಯಾಮೆರಾ ಮತ್ತೆ ಕ್ಲಿಕ್ ಅಂತು.

“ವಡೆ ಅಂದ್ರೆ ಪ್ರಾಣ ಬುಡೋರು ಕಣವ್ವಾ!” ಎಂದು ಮುದುಕಿ ಅತ್ತೂ ನಕ್ಕಳು. ಆಮೇಲೆ ನಮ್ಮನ್ನು ಬಿಡಲಿಲ್ಲ. ಮೂವರನ್ನೂ ಪಂಕ್ತಿಯಲ್ಲಿ ಕೂರಿಸಿ ಬಡಿಸಿದರು. ಚಂದ್ರಪ್ಪನವರು ತಲೆ ತಗ್ಗಿಸಿ ಉಂಡರು. ಕಾರು ಹತ್ತುವಾಗಲೂ ‘ಆಗಲಿ’ ಅನ್ನಲಿಲ್ಲ.

ಮನೆಯಲ್ಲಿ ಸರೋಜ ನನ್ನೊಡನೆ ಮಾತು ಬಿಟ್ಟಳು. ಚೈತ್ರ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಎದೆ ಗಟ್ಟಿ ಇರುವ ನಾನೂ ಎರಡು ಸಲ ಆ ಬಾಗಿಲವರೆಗೆ ಹೋಗಿ, ತಟ್ಟದೆ ವಾಪಸು ಬಂದೆ.

ಸಂಜೆ ಆ ಬಾಗಿಲು ದಢಾರನೆ ತೆರೆಯಿತು. “ಅಪ್ಪಾ, ಇಲ್ನೋಡು!” ಎಂದು ಚೈತ್ರ ಮೊಬೈಲ್ ಹಿಡಿದು ಓಡಿಬಂದಳು. ಚಂದ್ರಪ್ಪನವರು ತಮ್ಮ ಪಕ್ಷಿಪ್ರಿಯರ ಗ್ರೂಪಿಗೆ ಫೋಟೋ ಹಾಕಿದ್ದರಂತೆ. ಹುಡುಗ ಅದನ್ನು ಇವಳಿಗೆ ಕಳಿಸಿದ್ದ. ಕೆಳಗೆ ಬರೆದಿತ್ತು: “ಕಪಿಲಾ ತೀರದಲ್ಲಿ ಕಾಗೆ. ಜೊತೆಗೆ ನಮ್ಮ ಬೀಗರು.”

“ಬೀಗರು ಅಂದಿದ್ದಾರೆ ಕಣ್ರೀ!” ಎಂದು ಸರೋಜ ಬೆಲ್ಲ ತರಲು ಒಳಗೆ ಓಡಿದಳು. ನಾನು ಹೇಳಿರಲಿಲ್ಲವೇ, ಹಕ್ಕಿಗಳ ವಿಷಯ ನನಗೆ ಚೆನ್ನಾಗಿ ಗೊತ್ತು ಎಂದು! ಎದೆಯುಬ್ಬಿಸಿ ಫೋಟೋ ದೊಡ್ಡದು ಮಾಡಿ ನೋಡಿದೆ. ಕಾಗೆಯ ಒಂದೊಂದು ಪುಕ್ಕವೂ ಎಣಿಸುವಷ್ಟು ಸ್ಪಷ್ಟವಾಗಿತ್ತು. ಅದರ ಹಿಂದೆ ಯಾರೋ ಒಬ್ಬ, ಮಸುಕು ಮಸುಕಾಗಿ, ಮಂಕಿ ಟೋಪಿ ಕಂಕುಳಲ್ಲಿಟ್ಟು ಕೈಮುಗಿದು ನಿಂತಿದ್ದ.