ಮುತ್ತತ್ತಿಯ ಬಚ್ಚಲುಮನೆ ರಾಣಿ

ಮೂವತ್ತಾರನೆಯ ಇಸವಿಯ ಬೇಸಗೆ ರಜಕ್ಕೆ ಮಳವಳ್ಳಿಯ ಚರಿತ್ರೆ ಮೇಷ್ಟರು ಪಾರ್ಥಸಾರಥಿ ಒಂದು ಭೀಷಣ ಶಪಥ ಮಾಡಿದರು.

"ಈ ಸಲ ಮುತ್ತತ್ತಿಯಲ್ಲಿ ಹೊಳೆ ದಡದಲ್ಲೇ ಮನೆ ಹಿಡೀತೀನಿ! ಸುತ್ತಮುತ್ತ ಒಂದು ಕಲ್ಲನ್ನೂ ಬಿಡದೆ ನಿನಗೆ ತೋರಿಸಿ, ಅದರ ಪೂರ್ವೋತ್ತರ ಹೇಳದಿದ್ದರೆ ನಾನು ಮೇಷ್ಟರೇ ಅಲ್ಲ!"

"ಕಲ್ಲು ನೋಡೋಕೆ ಅಲ್ಲೀವರೆಗೂ ಯಾಕೆ? ನೀವು ತಂದ ಅಕ್ಕೀಲೇ ಬೇಕಾದಷ್ಟಿದೆ" ಎಂದರು ಹೆಂಡತಿ ಆಂಡಾಳ್, ಮೊರದಿಂದ ತಲೆಯೆತ್ತದೆ.

ಆದರೂ ಹೊರಟರು. ಮಾದಯ್ಯನೆಂಬ ರೈತ ಹುರುಳಿ ತುಂಬಿಡಲು ಕಟ್ಟಿಸಿದ್ದ ಮನೆ ಸಿಕ್ಕಿತು. ಮುಂದೆ ಜಗುಲಿ, ಜಗುಲಿಯ ಮುಂದೆ ಕಾವೇರಿ, ಹಿಂದೆ ಕತ್ತಲೆ ತುಂಬಿದ ಬಚ್ಚಲುಮನೆ.

ಮೊದಲ ದಿನ ಆಂಜನೇಯನ ಗುಡಿ. ಎರಡನೆಯ ದಿನ ಸೀತಮ್ಮನ ಮೂಗುತಿ ಮುತ್ತು ಬಿದ್ದ ಮಡು. ಆಮೇಲೆ ಗಾಡಿ ಕಟ್ಟಿಸಿಕೊಂಡು ಗಗನಚುಕ್ಕಿ. ಅಲ್ಲಿ ಮೇಷ್ಟರು ಬಂಡೆಯ ಮೇಲೆ ನಿಂತು, ಕೈ ಬೀಸಿ, ಒಂದು ಗಂಟೆ ಚರಿತ್ರೆ ಹೇಳಿದರು.

"ಹೇಗಿತ್ತು?" ಎಂದು ಕೇಳಿದರು.

"ಆ ನೀರಿನ ಸದ್ದಿಗೆ ಒಂದಕ್ಷರವೂ ಕೇಳಿಸಲಿಲ್ಲ. ಜಲಪಾತ ಇಷ್ಟು ಉಪಕಾರಿ ಅಂತ ಗೊತ್ತೇ ಇರಲಿಲ್ಲ!"

ಐದನೆಯ ದಿನಕ್ಕೆ ನೋಡಲು ಏನೂ ಉಳಿಯಲಿಲ್ಲ. ಆಂಡಾಳ್ ಆಕಳಿಸಿ, "ನಾವಿರೋ ಈ ಮನೆಗೂ ಏನಾದರೂ ಚರಿತ್ರೆ ಇದೆಯೋ, ಬರೀ ಹುರುಳಿಯೋ?" ಎಂದುಬಿಟ್ಟರು. ಮೇಷ್ಟರಿಗೆ ಚೇಳು ಕುಟುಕಿದಂತಾಯಿತು.

ಸಂಜೆ ಹೊಳೆಯ ಬಳಿ ಊರಿನ ಮಂಚಮ್ಮ ಸಿಕ್ಕಳು. ಅವಳ ಎಮ್ಮೆ ಕಾಡಿಗೆ ಮೇಯಲು ಹೋದದ್ದು ಮೂರು ದಿನದಿಂದ ಬಂದಿರಲಿಲ್ಲ. ಆಂಜನೇಯನಿಗೆ ಹರಕೆ ಹೊತ್ತು ಬಂದಿದ್ದಳು.

"ಮಾದಯ್ನ ಉಳ್ಳಿ ಮನೇಲಿ ಇಳ್ಕಂಡೋರು ನೀವೇ ಅಲ್ವರಾ ಬುದ್ಧಿ?"

ಆ 'ಉಳ್ಳಿ' ಕೇಳಿದ್ದೇ ತಡ, ಮೇಷ್ಟರ ನಾಲಗೆ ಲಗಾಮು ಕಿತ್ತುಕೊಂಡಿತು.

"ಹುರುಳಿ ಈಚೆಗೆ ಕಣಮ್ಮ! ಹಿಂದೆ ಆ ಜಾಗದಲ್ಲಿ ಪಾಳೇಗಾರರ ರಾಣಿ ಮುತ್ತಾಜಮ್ಮಣ್ಣಿ ತಲೆಮರೆಸಿಕೊಂಡಿದ್ದಳು. ಗಂಡ ಯುದ್ಧದಲ್ಲಿ ಸತ್ತ. ಅವಳು ಜಾಡಿಯಲ್ಲಿ ಮುತ್ತು ಬಚ್ಚಿಟ್ಟು, ಯಾರ ಕಣ್ಣಿಗೂ ಬೀಳದೆ, ಹಿಂದಿನ ಕತ್ತಲೆ ಕೋಣೆಯಿಂದಲೇ ಅಪ್ಪಣೆ ಕೊಡುತ್ತಿದ್ದಳು!"

ಮಂಚಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. ಮೇಷ್ಟರು ಖುಷಿಯಾಗಿ ಮನೆಗೆ ಬಂದು ಮಲಗಿದರು. ಮಾರನೆಯ ದಿನ ಶನಿವಾರ, ಆಂಜನೇಯನ ದರ್ಶನಕ್ಕೆ ಸುತ್ತಲ ಹಳ್ಳಿಗಳೆಲ್ಲ ನೆರೆಯುವ ದಿನ ಎಂಬುದು ಅವರ ತಲೆಗೆ ಹೊಳೆಯಲೇ ಇಲ್ಲ.

ಬೆಳಗ್ಗೆ ಹೊಳೆಯಲ್ಲಿ ಮಿಂದು ಬರುವ ಹೊತ್ತಿಗೆ ಮನೆಯ ಮುಂದೆ ಎಂಟು ಗಾಡಿ! ಒಳಗೆ ಕಾಲಿಡಲು ಜಾಗವಿಲ್ಲ! ಒಬ್ಬಳು ಮಾವಿನ ಮಿಡಿ ಉಪ್ಪಿನಕಾಯಿಯ ಜಾಡಿಗೆ ಕುಂಕುಮ ಹಚ್ಚುತ್ತಿದ್ದಳು. ಗಳದ ಮೇಲೆ ಹರವಿದ್ದ ಆಂಡಾಳ್ ಅವರ ಮಡಿ ಸೀರೆಯನ್ನು ನಲವತ್ತು ಜನ ಸರದಿಯ ಮೇಲೆ ಕಣ್ಣಿಗೊತ್ತಿಕೊಳ್ಳುತ್ತಿದ್ದರು.

"ರಾಣಿಯಮ್ಮನ ಸೀರೆ ಕಣ್ರವ್ವಾ! ಮುಟ್ಕಳಿ, ಮುಟ್ಕಳಿ!" ಎಂದು ಮಂಚಮ್ಮ ಕೂಗುತ್ತಿದ್ದಳು.

ಮೇಷ್ಟರು ಗಾಬರಿಯಿಂದ ಸುತ್ತ ಕಣ್ಣಾಡಿಸಿದರು. ಸೀರೆ ಇಲ್ಲಿದ್ದರೆ ಸೀರೆಯವರು ಎಲ್ಲಿ?

"ಯಾರದು ಹೊರಗೆ?" ಎಂದು ಬಚ್ಚಲುಮನೆಯಿಂದ ಗುಡುಗಿನಂಥ ದನಿ ಬಂತು.

ನಲವತ್ತು ಜನವೂ ಒಟ್ಟಿಗೆ ಅಡ್ಡಬಿದ್ದರು.

"ಏಳ್ರಯ್ಯಾ! ಅದು ನನ್ನ ಹೆಂಡತಿ!" ಎಂದು ಮೇಷ್ಟರು ಕಿರುಚಿದರು.

"ಸುಮ್ಕಿರಿ ಬುದ್ಧಿ! ಅಮ್ಮಾವ್ರ ಮೈಮ್ಯಾಲೆ ರಾಣಿ ಬಂದವ್ಳೆ" ಎಂದು ಗದರಿದ ಮಂಚಮ್ಮ ಬಚ್ಚಲ ಬಾಗಿಲಿಗೆ ಹಣೆ ಹಚ್ಚಿದಳು. "ತಾಯೀ, ನನ್ ಎಮ್ಮೆ ಎತ್ಲಾಗೋಗದೆ? ಒಸಿ ಏಳವ್ವಾ!"

ಒಳಗೆ ಒದ್ದೆ ಸೀರೆಯಲ್ಲಿ ನಡುಗುತ್ತ ನಿಂತಿದ್ದ ಆಂಡಾಳ್ ತಾಳ್ಮೆ ಹರಿದು ಅರಚಿದರು. "ಎಮ್ಮೆಯಂತೆ ಎಮ್ಮೆ! ಮೊದಲು ಎಲ್ಲಾ ಆಚೆಗೆ ಹೋಗಿ, ಆಚೆಗೆ!"

"ಆಚ್ಗೆ! ಒಳೆ ಆಚ್ಗೆ ಓಗೈತಂತೆ! ಓಡ್ಲಾ ನಿಂಗಯ್ಯ!"

ಮಂಚಮ್ಮನ ತಮ್ಮ ನಿಂಗಯ್ಯ ಹರಿಗೋಲಿಗೆ ಓಡಿದ. ಉಳಿದವರು ಅವನ ಹಿಂದೆ. ಮನೆ ಖಾಲಿಯಾಯಿತು. ಬಚ್ಚಲ ಬಾಗಿಲು ಮಾತ್ರ ತೆರೆಯಲಿಲ್ಲ.

"ಏನೂಂದ್ರೆ," ದನಿ ಈಗ ತಣ್ಣಗಿತ್ತು. ಅದು ಗುಡುಗಿಗಿಂತ ಭಯಂಕರ! "ಯಾವ ರಾಣಿ ಅದು?"

ಮೇಷ್ಟರು ಎಲ್ಲ ಒಪ್ಪಿಕೊಂಡರು. ತೀರ್ಪು ತಕ್ಷಣ ಬಂತು. ಸೀರೆ ಮೈಲಿಗೆ, ಜಾಡಿ ಮೈಲಿಗೆ, ಮನೆಯೇ ಮೈಲಿಗೆ! ಮೇಷ್ಟರು ಹೊಳೆಗಿಳಿದು ಹದಿನೆಂಟು ಮೊಳದ ಸೀರೆ ಒಗೆದು, ಹಿಂಡಿ, ಒಣಗಿಸಿ ತಂದರು. ಮನೆ ತೊಳೆಯಲು ಹನ್ನೆರಡು ಕೊಡ ನೀರು ಹೊತ್ತರು. ಇತಿಹಾಸ ಹೇಳಹೋದವರಿಗೆ ಉಪಹಾಸವೇ ಉಡುಗೊರೆ!

ಮಧ್ಯಾಹ್ನ ದಡದಲ್ಲಿ ಕೇಕೆ ಕೇಳಿಸಿತು. ಎಮ್ಮೆ ನಿಜವಾಗಿಯೂ ಆಚೆ ದಡದಲ್ಲೇ ಸಿಕ್ಕಿತ್ತು! ಈಗ ಇಡೀ ಊರೇ ಬಂತು, ತಲೆಯ ಮೇಲೆ ಬಾಳೆಗೊನೆ, ಹಾಲು, ಬೆಣ್ಣೆ ಹೊತ್ತು. ಮೇಷ್ಟರು ಜಗುಲಿ ಹತ್ತಿ, ಎದೆ ಗಟ್ಟಿಮಾಡಿಕೊಂಡು ಕೂಗಿದರು.

"ಮಹಾಜನಗಳೇ! ನಾನು ಹೇಳಿದ್ದೆಲ್ಲ ಶುದ್ಧ ಸುಳ್ಳು! ರಾಣಿಯೂ ಇಲ್ಲ, ಮುತ್ತೂ ಇಲ್ಲ!"

ನಿಂಗಯ್ಯ ಕೈಯಲ್ಲಿದ್ದ ಹಗ್ಗ ಎತ್ತಿ ತೋರಿಸಿದ. "ಎಮ್ಮೆ ಐತಲ್ಲ ಬುದ್ಧಿ?"

ಅಷ್ಟರಲ್ಲಿ ಮನೆಯ ಯಜಮಾನ ಮಾದಯ್ಯ ಮುಂದೆ ಬಂದು ಕೈಮುಗಿದ.

"ತೆಪ್ಪು ತಿಳ್ಕೊಬೇಡಿ ಸೋಮಿ. ರಾಣಿ ಇರೋ ಮನೇಲಿ ಗಂಡಸ್ರು ಮನಗಂಗಿಲ್ಲ ಅಂತ ಊರೋರು ತೀರ್ಮಾನ ಮಾಡವ್ರೆ. ಅಮ್ಮಾವ್ರು ಎಷ್ಟ್ ದಿನ ಬೇಕಾದ್ರೂ ಇರ್ಲಿ. ನೀವು ಗುಡಿ ಜಗ್ಲಿಗೆ ಓಗ್ಬುಡಿ."

ಮೇಷ್ಟರು ದೈನ್ಯದಿಂದ ಹೆಂಡತಿಯತ್ತ ನೋಡಿದರು. ಆಂಡಾಳ್ ಒಗೆದ ಸೀರೆಯುಟ್ಟು, ರಸಬಾಳೆ ಸುಲಿಯುತ್ತ, ಪರಮ ಗಂಭೀರವಾಗಿ ನುಡಿದರು. "ಏನೂಂದ್ರೆ, ಹತ್ತು ಜನರ ಮಾತು ಮೀರಬಾರದು."

ವಾರವೆಲ್ಲ ಮೇಷ್ಟರು ಗುಡಿಯ ಜಗುಲಿಯಲ್ಲಿ ಕೋತಿಗಳ ಜೊತೆ ಚಾಪೆ ಹಂಚಿಕೊಂಡರು. ಹಗಲು ರಾಣಿವಾಸಕ್ಕೆ ನೀರು ಹೊತ್ತರು. ಮುಂದಿನ ಶನಿವಾರ ಮಂಡ್ಯದಿಂದ ಬಂದ ಭಕ್ತನೊಬ್ಬ, ಕೊಡ ಹೊತ್ತು ಏದುಸಿರು ಬಿಡುತ್ತಿದ್ದ ಅವರನ್ನೇ ತಡೆದು ಕೇಳಿದ.

"ಈ ರಾಣಿಯಮ್ಮನ ಯಜಮಾನ್ರು ಯಾರು ಸ್ವಾಮಿ?"

ಮೇಷ್ಟರು ಕೊಡ ಇಳಿಸಿ, ಗಂಟಲು ಸರಿಮಾಡಿಕೊಂಡು, ಅಂಗವಸ್ತ್ರ ಹೊದ್ದು ಬಾಯಿ ತೆರೆಯುವಷ್ಟರಲ್ಲಿ ಮಂಚಮ್ಮ ಒಳಗಿಂದ ಉತ್ತರಿಸಿದಳು.

"ಅವ್ರು ಯುದ್ಧದಾಗೆ ಸತ್ತೋದ್ರು ಕಣಪ್ಪಾ! ಇವ್ರು ಬಚ್ಲಿಗೆ ನೀರ್ ತುಂಬೋರು!"