ಯರಗುಪ್ಪಿಯ ಫ್ರೆಂಚ್ ಜೋಗುಳ

ಹಾಡಿನ ಅರ್ಥವನ್ನು ಯಾರಾದರೂ ಕೇಳಿದರೆ ಗೊತ್ತಿಲ್ಲ ಎಂದುಬಿಡುವುದು ಆರೋಗ್ಯಕ್ಕೆ ಒಳ್ಳೆಯದು. ಇದನ್ನು ನಾನು ತಡವಾಗಿ ಕಲಿತೆ. ನಾನು ಮೊದಲಿನಿಂದಲೂ ಸಂಶಯದ ಮನುಷ್ಯ. ಗ್ರಹಣದ ದಿನ ಪಂಚಾಂಗ ಹಿಡಿದು ಬಂದವರನ್ನು ‘ರಾಹುವನ್ನು ನೀವು ಕಣ್ಣಾರೆ ಕಂಡಿದ್ದೀರಾ?’ ಎಂದು ಕೇಳಿ, ಮನೆಗೆ ಬರುವವರ ಕಾಟವನ್ನು ಅರ್ಧಕ್ಕೆ ಇಳಿಸಿಕೊಂಡವನು. ಎಂ.ಎ. ಮುಗಿಸಿ ಯರಗುಪ್ಪಿಗೆ ಮಾಸ್ತರನಾಗಿ ಬಂದ ದಿನದಿಂದ ಊರಿನ ಪ್ರತಿಯೊಂದು ಮಾತಿಗೂ ಪುರಾವೆ ಕೇಳುತ್ತ ಬಂದಿದ್ದೇನೆ. ಪುರಾವೆ ಇಲ್ಲದ ಮಾತನ್ನು ನಾನೇ ಆಡಿದ್ದು ಜೀವನದಲ್ಲಿ ಒಂದೇ ಸಲ. ಅದೂ ಕಲಘಟಗಿಯಲ್ಲಿ, ಕನ್ಯೆ ನೋಡಲು ಹೋದಾಗ, ಎರಡನೆಯ ಸಲ ಶಿರಾ ಹಾಕಿಸಿಕೊಂಡ ಮೇಲೆ.

ಆ ಮಾತಿನ ಬೇರು ಧಾರವಾಡದಲ್ಲಿದೆ. ಅಲ್ಲಿ ಓದುವಾಗ, ಪಾಂಡಿಚೇರಿಯಲ್ಲಿ ಬಹಳ ವರ್ಷ ಇದ್ದು ಬಂದ ದೇಸಾಯಿ ಸರ್ ಸಂಜೆ ಹೊತ್ತು ತಮ್ಮ ಮನೆಯಲ್ಲಿ ಫ್ರೆಂಚ್ ಕಲಿಸುತ್ತಿದ್ದರು. ನಾವು ನಾಲ್ಕು ಜನ ವಿದ್ಯಾರ್ಥಿಗಳು. ವ್ಯಾಕರಣ ಬೇಸರ ಬಂದಾಗ ಸರ್ ಗ್ರಾಮಫೋನ್ ಹಚ್ಚುತ್ತಿದ್ದರು. ಅವರ ಹತ್ತಿರ ಒಂದೇ ಹಾಡಿನ ಮೂರು ರೆಕಾರ್ಡುಗಳಿದ್ದವು: ಒಂದರಲ್ಲಿ ಗಂಟಲು ಒಡೆದ ಒಬ್ಬ ಮುದುಕಿ, ಇನ್ನೊಂದರಲ್ಲಿ ಒಬ್ಬ ದಪ್ಪ ದನಿಯ ಗಂಡಸು, ಮೂರನೆಯದರಲ್ಲಿ ಗಿಟಾರು ಹಿಡಿದ ಈಗಿನ ಕಾಲದವನು. ಇಂಥ ಹಾಡಿಗೆ ಫ್ರೆಂಚರು ಶಾನ್ಸೋ ಎನ್ನುತ್ತಾರೆ. ಅದರಲ್ಲಿ ರಾಗಕ್ಕಿಂತ ಮಾತು ದೊಡ್ಡದು; ಹಾಡುವವನು ಹಾಡುವುದಕ್ಕಿಂತ ಹೆಚ್ಚಾಗಿ ಹೇಳುತ್ತಾನೆ, ನಮ್ಮ ತತ್ವಪದದವರ ಹಾಗೆ. ವಿಷಯ ಮಾತ್ರ ತತ್ವದ್ದಲ್ಲ. “ಹಾಡಿಗೆ ವಯಸ್ಸಾಗೂದಿಲ್ಲೋ, ಹಾಡವ್ರಿಗೆ ಆಗತದ,” ಎನ್ನುತ್ತಿದ್ದರು ಸರ್. “ಒಬ್ಬರು ಇಳಿಸಿದ್ರ ಇನ್ನೊಬ್ಬರು ಎತ್ಕೋತಾರ.” ಆ ಹಾಡಿನಲ್ಲಿ ಒಬ್ಬ ಗಂಡಸು ಹೆಂಡದಂಗಡಿಯಲ್ಲಿ ಒಂಟಿಯಾಗಿ ಕುಳಿತಿದ್ದಾನೆ. ಎದುರಿನ ಎರಡನೆಯ ಲೋಟ ಎತ್ತಬೇಡ, ಆಕೆ ಬರುತ್ತಾಳೆ ಎಂದು ಅಂಗಡಿಯವನಿಗೆ ಹೇಳುತ್ತಾನೆ. ಆಕೆ ಬರುವುದಿಲ್ಲವೆಂದು ಅಂಗಡಿಯವನಿಗೂ ಗೊತ್ತು, ಅಲ್ಲಿ ಕುಳಿತ ಬೆಕ್ಕಿಗೂ ಗೊತ್ತು. ಈ ಬೆಕ್ಕು ಹಾಡಿನಲ್ಲಿತ್ತೋ, ಗ್ರಾಮಫೋನಿನ ಬಾಜು ಮಲಗುತ್ತಿದ್ದ ಸರ್ ಅವರ ಬೆಕ್ಕು ನನ್ನ ನೆನಪಿನೊಳಗೆ ನುಗ್ಗಿತೋ, ಈಗ ಆಣೆ ಮಾಡಿ ಹೇಳಲಾರೆ. ಕಲಿತ ಫ್ರೆಂಚೆಲ್ಲ ಹೋಗಿ ಈ ಹಾಡೊಂದು ಉಳಿದಿದೆ.

ಕಲಘಟಗಿಯಲ್ಲಿ ಕನ್ಯೆ ಒಂದು ದೇವರ ಪದ ಹಾಡಿದಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆಕೆಯ ಸೋದರಮಾವ ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತ, “ಹುಡುಗಿ ಹಾಡಿದ್ಲು, ಈಗ ಹುಡುಗನೂ ಒಂದು ಹಾಡ್ಲಿ. ನಾವೂ ನೋಡಬೇಕಲ್ರಿ,” ಎಂದರು. ಕನ್ನಡದ ಒಂದು ಪದವೂ ನನಗೆ ಪೂರ್ತಿ ಬರುತ್ತಿರಲಿಲ್ಲ. ಕಣ್ಣು ಮುಚ್ಚಿ ಶಾನ್ಸೋ ಹಾಡಿಬಿಟ್ಟೆ. ಹಾಡು ಮುಗಿದ ಮೇಲೆ ಸೋದರಮಾವ ಅರ್ಥ ಕೇಳಿದರು. ಹಣೆ ತುಂಬ ವಿಭೂತಿ ಧರಿಸಿದ ಎಂಟು ಹಿರಿಯರ ಮುಂದೆ ಹೆಂಡದಂಗಡಿಯ ಬಾಗಿಲು ತೆರೆಯುವುದು ಹೇಗೆ? ಅಷ್ಟರಲ್ಲಿ ಮೂಲೆಯಲ್ಲಿದ್ದ ಬಣ್ಣದ ತೊಟ್ಟಿಲು ಕಣ್ಣಿಗೆ ಬಿತ್ತು. ತೊಟ್ಟಿಲಿಗೇ ಹೆಸರಾದ ಆ ಊರಿನಲ್ಲಿ ಅದು ಕಣ್ಣಿಗೆ ಬೀಳದಿರುವುದೇ ಕಷ್ಟ. ಒಬ್ಬ ತಾಯಿ ತೊಟ್ಟಿಲ ಬಾಜು ಕುಳಿತಿದ್ದಾಳೆ, ಹಾಲಿನ ಬಟ್ಟಲು ಎತ್ತಬೇಡಿ, ಕೂಸು ಇನ್ನೇನು ಏಳುತ್ತದೆ ಎನ್ನುತ್ತಾಳೆ ಎಂದೆ. ಬದಲಾಯಿಸಿದ್ದು ಪಾತ್ರೆಯನ್ನು ಮಾತ್ರ. ಹಿರಿಯರು ಕಣ್ಣೊರೆಸಿಕೊಂಡರು, ಸಂಬಂಧ ಕುದುರಿತು. ಕನ್ಯೆ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು.

ಮದುವೆಯಾಗಿ, ಮಗ ಹುಟ್ಟಿ, ಹೆಂಡತಿ ಶಾಂತಾ ತೊಟ್ಟಿಲು ತೂಗುವಾಗ ಅದೇ ಹಾಡನ್ನು ನನ್ನಿಂದ ಕಲಿತು ಹಾಡತೊಡಗಿದಳು. ಬಾಜುಮನೆಯ ಗಂಗವ್ವ ಅದನ್ನು ಎತ್ತಿಕೊಂಡಳು. ಮೂಗಿನಲ್ಲಿ ಹಾಡಿದರೆ ಕೂಸಿಗೆ ನೆಗಡಿಯಾಗುತ್ತದೆಂದು ಫ್ರೆಂಚಿನ ಮೂಗು ಕೊಯ್ದಳು, ಪ್ರತಿ ಸಾಲಿಗೂ ‘ಜೋ ಜೋ’ ಎಂಬ ಬಾಲ ಕಟ್ಟಿದಳು. ಓಣಿಯ ಹುಡುಗಿಯೊಬ್ಬಳು ಮದುವೆಯಾಗಿ ಶಲವಡಿಗೆ ಹೋದಾಗ ಹಾಡೂ ಅವಳ ಜೊತೆ ನಡೆಯಿತು. ಏಳೆಂಟು ವರ್ಷಗಳಲ್ಲಿ ಅದಿಲ್ಲದೆ ನಮ್ಮೂರಿನಲ್ಲಿ ಯಾವ ಕೂಸಿಗೂ ಹೆಸರಿಡದಂತಾಯಿತು. ಯರಗುಪ್ಪಿಯ ಕೂಸುಗಳೆಲ್ಲ ಪರದೇಶದ ಹೆಂಡದಂಗಡಿಯ ದುಃಖ ಕೇಳುತ್ತ ನಿದ್ದೆ ಹೋಗುತ್ತಿದ್ದವು. ಚೆನ್ನಾಗಿಯೇ ಹೋಗುತ್ತಿದ್ದವು ಎನ್ನಿ. ಆದರೂ ಹಾಡು ಕಿವಿಗೆ ಬಿದ್ದಾಗಲೆಲ್ಲ ನಾನು ಓಣಿ ಬದಲಿಸುತ್ತಿದ್ದೆ.

ಹೀಗಿರುವಾಗ ದೇಸಾಯಿ ಸರ್ ಅವರ ಕಾರ್ಡು ಬಂತು. ಫ್ರೆಂಚ್ ಬಿಟ್ಟು ಈಗ ಹಳ್ಳಿಯ ಹಾಡುಗಳನ್ನು ಸಂಗ್ರಹಿಸುತ್ತಿದ್ದಾರಂತೆ. ಟೇಪ್ ರೆಕಾರ್ಡರ್ ತಗೊಂಡು ನಮ್ಮೂರಿಗೆ ಬರುತ್ತಾರಂತೆ. ವಿಶೇಷವಾಗಿ ಜೋಗುಳಗಳು ಬೇಕಂತೆ. ಅವರು ಬರುವ ದಿನವೇ ಗಂಗವ್ವನ ಮೊಮ್ಮಗಳಿಗೆ ಹೆಸರಿಡುವುದಿತ್ತು. ಊರಿಗೆಲ್ಲ ಪುರಾವೆ ಕೇಳಿದ ಮಾಸ್ತರ ಹೆಂಡದ ಹಾಡಿಗೆ ಹಾಲು ಬೆರೆಸಿ ಹೆಂಡತಿಯನ್ನು ಗೆದ್ದ ಎಂದು ಗುರುವಿನ ಬಾಯಿಂದಲೇ ಗೊತ್ತಾದರೆ ಶಾಂತಾಳ ಮುಂದೆ ನಾನು ಯಾವ ಮುಖ ಹೊತ್ತು ಓಡಾಡಲಿ? ಹೆಸರಿಡುವ ದಿನ ಆ ಹಾಡೊಂದು ಬಿಡು ಎಂದು ಆಕೆಗೆ ಮೆಲ್ಲಗೆ ಹೇಳಿ ನೋಡಿದೆ. “ಯಾಕ್ರಿ? ನಿಮಗ ಕಲಿಸಿದವ್ರು ಅವರ ಹೌದಲ್ಲೊ? ಅವರ ಮುಂದನ ಹಾಡಬೇಕು,” ಎಂದಳು.

ಸರ್ ಯಂತ್ರವನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು. ಇಳಿಹೊತ್ತಿಗೆ ಗಂಗವ್ವನ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕಿದರು, ಶಾಂತಾ ಹಾಡು ಎತ್ತಿಕೊಟ್ಟಳು, ಗಂಗವ್ವ ಹಿಡಿದಳು, ಹೆಣ್ಣುಮಕ್ಕಳೆಲ್ಲ ಕೂಡಿದರು. ಸರ್ ಕಣ್ಣು ಮುಚ್ಚಿ ಕೇಳುತ್ತಿದ್ದರು. ಮೂರನೆಯ ನುಡಿಗೆ ಕಣ್ಣು ತೆರೆದರು. ನಾನು ಹಿತ್ತಲ ಬಾಗಿಲು ಎಲ್ಲಿದೆ ಎಂದು ನೋಡಿಕೊಂಡೆ. ಹಾಡು ಮುಗಿದ ಮೇಲೆ ಅವರು ಗಂಗವ್ವನಿಗೆ, “ಇದನ್ನ ಯಾರ ಕಡೆ ಕಲ್ತೀ ತಾಯಿ?” ಎಂದು ಕೇಳಿದರು.

“ನಮ್ಮ ಅತ್ತಿ ಹಾಡತಿದ್ರಿ ಸಾಹೇಬ್ರ,” ಎಂದಳು ಗಂಗವ್ವ, ರೆಪ್ಪೆ ಬಡಿಯದೆ. “ಅವರಿಗೆ ಅವರತ್ತಿ ಕಲಿಸಿದ್ರಂತ.”

ಶಾಂತಾ ನನ್ನ ಕಡೆ ನೋಡಿದಳು. ಸರ್ ನನ್ನ ಹೆಗಲ ಮೇಲೆ ಕೈಯಿಟ್ಟರು. “ಎಲ್ಲೋ ಕೇಳಿದಂಗ ಅನಸ್ತದ ನೋಡು. ಭಾಳ ಹಳೇದು. ಮಾತು ಸವದು ಅರ್ಥ ಹೋಗೇದ, ದುಃಖ ಅಷ್ಟ ಉಳದದ. ಇಷ್ಟು ವರ್ಷ ಈ ಊರಾಗ ಇದ್ದೀ, ಇಂಥಾದ್ದು ನಿನ್ನ ಕಿವಿಗೆ ಬೀಳಲಿಲ್ಲೇನು?”

“ಇಲ್ರಿ ಸರ್,” ಎಂದೆ.

ಅವರನ್ನು ಬಸ್ಸು ಹತ್ತಿಸಿ ಮರಳುವಾಗ ಹೊಸ ಸಂಶಯ ಹತ್ತಿತು. ಗಂಗವ್ವ ಅಷ್ಟು ಧೈರ್ಯದಿಂದ ಹೇಳಿದ್ದು ನಿಜವೇ ಇದ್ದರೆ? ಹಾಡು ಮೊದಲಿನಿಂದ ಇಲ್ಲಿಯದೇ ಆಗಿದ್ದು, ನಾನೇ ಅದನ್ನು ಧಾರವಾಡದ ಗ್ರಾಮಫೋನಿಗೆ ಅಂಟಿಸಿದ್ದರೆ? ಅಲ್ಲವೆನ್ನಲು ನನ್ನಲ್ಲಿರುವ ಪುರಾವೆ ಒಂದು ನೆನಪು. ಅದು ಒಂದು ಬೆಕ್ಕಿನ ಲೆಕ್ಕವನ್ನೂ ಸರಿಯಾಗಿ ಕೊಡಲಾರದು.

ಶಾಂತಾ ಎರಡು ಲೋಟ ಚಹಾ ತಂದು ಎದುರಿಗೆ ಕುಳಿತಳು. ಅರ್ಧ ಕುಡಿದು ಹೇಳಿದಳು: “ಅದು ಜೋಗುಳ ಅಲ್ಲಂತ ನನಗ ಕಲಘಟಗ್ಯಾಗನ ಗೊತ್ತಾಗಿತ್ತು. ಕೂಸಿನ ಹಾಡು ಹಾಡೋರ ಮಾರಿ ಹಂಗ ಇರೂದಿಲ್ಲ. ಯಾವಾಕಿನೋ ಬಿಟ್ಟು ಹೋದ ಮ್ಯಾಲ ಒಬ್ಬನ ಉಳದಾಂವನ ಮಾರಿ ಅದು.”

ಮತ್ತೇಕೆ ಒಪ್ಪಿದೆ ಎಂದು ಕೇಳಿದೆ. ನಿಂತ ಕಾಲ ಮೇಲೆ ಅಷ್ಟು ಚಂದದ ಸುಳ್ಳು ಹೇಳುವವನ ಮನೆಯಲ್ಲಿ ಬೇಸರ ಆಗಲಿಕ್ಕಿಲ್ಲ ಅನಿಸಿತಂತೆ. ನಾನು ಉಸಿರು ಬಿಡುವಷ್ಟರಲ್ಲಿ, “ಈಗರ ಹೇಳ್ರಿ, ಯಾರು ಆಕಿ?” ಎಂದಳು.

ಯಾರೂ ಇಲ್ಲ, ಅದು ಹಾಡಿನವನ ದುಃಖ, ನಾನು ಬರೀ ಹಾಡಿದೆ ಎಂದೆ.

“ಪುರಾವೆ?”

ನಾನು ನೆನಪನ್ನು ಕೆದಕಿದೆ. ಸರ್ ಅವರ ಮನೆಯಲ್ಲಿ ನಾಲ್ಕು ಕುರ್ಚಿಗಳಿದ್ದವು. ಒಂದರಲ್ಲಿ ನಾನು, ಬಾಜುವಿನ ಎರಡರಲ್ಲಿ ಇಬ್ಬರು ಗೆಳೆಯರು. ನಾಲ್ಕನೆಯದರಲ್ಲಿ ಯಾರು ಕೂಡುತ್ತಿದ್ದರು? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಹಾಗೆಂದು ಪ್ರಾಮಾಣಿಕವಾಗಿ ಹೇಳಿದೆ, ಹೇಳಬಾರದಿತ್ತು. ಶಾಂತಾ ನಕ್ಕಳೋ ಸಿಟ್ಟಾದಳೋ ತಿಳಿಯಲಿಲ್ಲ. ಎದ್ದು ಗಂಗವ್ವನ ಮನೆಗೆ ಹೊರಟುಹೋದಳು. ಬಹಳ ಹೊತ್ತಾಯಿತು. ಅರ್ಧ ಚಹಾ ಇದ್ದ ಆಕೆಯ ಲೋಟ ನನ್ನೆದುರಿಗೇ ಇದೆ, ಎತ್ತಿಡಲು ಧೈರ್ಯ ಬರುತ್ತಿಲ್ಲ. ಎಲ್ಲಿಂದಲೋ ಒಂದು ಬೆಕ್ಕು ಬಂದು ಕುಳಿತು ನನ್ನನ್ನು ನೋಡುತ್ತಿದೆ. ಹಾಡಿನಲ್ಲಿ ಬೆಕ್ಕು ಇದ್ದದ್ದು ನಿಜವೇ ಇರಬೇಕು.