ಮಂಡಿಯ ಕುರ್ಚಿಗೊಂದು ಪ್ರವೇಶ ಪರೀಕ್ಷೆ

ಸಿಟ್ಟು ಬಂದಾಗ ಕೆಲವರು ಊಟ ಬಿಡುತ್ತಾರೆ, ಕೆಲವರು ಮಾತು ಬಿಡುತ್ತಾರೆ. ನಮ್ಮ ಚಿಕ್ಕತ್ತೆಯೊಬ್ಬರು ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾರೆ. ನನಗೆ ಸಿಟ್ಟು ಬಂದರೆ ನಾನು ಅರ್ಜಿ ಹಾಕುತ್ತೇನೆ. ಮದುವೆಯಾದ ಹೊಸತರಲ್ಲಿ ಯಾರೋ ನೆಂಟರು ‘ಹೆಂಗಸರು ಟ್ರ್ಯಾಕ್ಟರ್ ಓಡಿಸ್ತಾರಾ?’ ಎಂದು ನಕ್ಕಿದ್ದಕ್ಕೆ ಲೈಸೆನ್ಸಿಗೆ ಅರ್ಜಿ ಹಾಕಿ, ಪಡೆದೇ ಬಿಟ್ಟೆ. ಟ್ರ್ಯಾಕ್ಟರನ್ನು ಇವತ್ತಿನವರೆಗೂ ಓಡಿಸಿಲ್ಲ. ಲೈಸೆನ್ಸನ್ನು ಮಾತ್ರ ತಪ್ಪದೆ ನವೀಕರಿಸುತ್ತಾ ಬಂದಿದ್ದೇನೆ. ಹೋದ ವರ್ಷ, ನಲವತ್ತಾರನೆಯ ವಯಸ್ಸಿನಲ್ಲಿ, ಎಂ.ಬಿ.ಎ. ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಿದ್ದೂ ಇದೇ ಕಾರಣಕ್ಕೆ. ಜ್ಞಾನದಾಹ ಅದು ಇದು ಎಂದು ಯಾರಾದರೂ ನಿಮಗೆ ಹೇಳಿದ್ದರೆ ನಂಬಬೇಡಿ. ಅದು ಶುದ್ಧ ಹಟ.

ಹೊಳೆನರಸೀಪುರದಲ್ಲಿ ನಮ್ಮದೊಂದು ತೆಂಗಿನಕಾಯಿ ಮಂಡಿ ಇದೆ. ಮಾವನವರು ಕಟ್ಟಿದ್ದು. ಅವರ ಕಣ್ಣಿಗೆ ಪೊರೆ ಬಂದಾಗ ಮಂಡಿಯ ಕುರ್ಚಿ ನನ್ನ ಗಂಡನಿಗೆ ಬರಬೇಕಿತ್ತು. ಅವರು ಅರಕಲಗೂಡಿನಲ್ಲಿ ಹೈಸ್ಕೂಲು ಮೇಷ್ಟ್ರು. ಅವರ ಸ್ವಭಾವ ಹೇಗೆಂದರೆ, ರೈತ ‘ಎಣಿಕೆ ಕಮ್ಮಿ ಆಯ್ತು ಸಾ’ ಎಂದರೆ ಎಷ್ಟು ಎಂದು ಕೇಳುವ ಮೊದಲೇ ಕ್ಷಮೆ ಕೇಳುವವರು. ಹಾಗಾಗಿ ‘ಒಂದು ತಿಂಗಳು ನೀನು ಕೂತಿರು’ ಎಂದು ಮಾವನವರು ನನ್ನನ್ನು ಕೂರಿಸಿದರು. ಆ ಒಂದು ತಿಂಗಳು ಶುರುವಾಗಿ ಈಗ ಹದಿನಾಲ್ಕು ವರ್ಷ. ದಂಡಿಗನಹಳ್ಳಿಯಿಂದ ಬರುವ ಕಾಯಿ ಯಾವುದು, ಅರಕಲಗೂಡು ಕಡೆಯದು ಯಾವುದು ಎಂದು ನಾನು ತಟ್ಟಿದ ಸದ್ದಿನಲ್ಲೇ ಹೇಳಬಲ್ಲೆ. ಹೇಳಿದ್ದು ಎಲ್ಲ ಸಲವೂ ಸರಿಯಾಗಿರುತ್ತದೆಂದಲ್ಲ, ಆದರೆ ಎದುರಿಗಿದ್ದವರು ನಂಬುವಂತೆ ಹೇಳುತ್ತೇನೆ.

ಹೀಗಿರುವಾಗ ಮೈಸೂರಿನ ಕಂಪನಿ ಬಿಟ್ಟು ನನ್ನ ಮೈದುನ ಮಂಜುನಾಥ ಊರಿಗೆ ಬಂದ. ಎಂ.ಬಿ.ಎ. ಮಾಡಿದವನು. ಕೆಟ್ಟವನಲ್ಲ, ಬಂದಾಗಲೆಲ್ಲ ನನಗೊಂದು ಒಳ್ಳೆಯ ಪೆನ್ನು ತರುತ್ತಾನೆ. ಒಂದು ಬೆಳಗ್ಗೆ ಅಕ್ಕಿರೊಟ್ಟಿ ತಿನ್ನುತ್ತಾ ಲ್ಯಾಪ್‌ಟಾಪ್ ತೆರೆದು ಮಾವನವರಿಗೆ ಒಂದು ಚಿತ್ರ ತೋರಿಸಿದ. ಮೇಲಿನ ಚೌಕದಲ್ಲಿ ಅವನ ಹೆಸರು. ಕೆಳಕ್ಕೆ ಕೆಳಕ್ಕೆ ಇಳಿದು ಹುಡುಕಿದರೆ ನನ್ನ ಹೆಸರೂ ಇತ್ತು, ‘ಆಪರೇಷನ್ಸ್ ಸಪೋರ್ಟ್’ ಎಂದು. ಅದೇ ಸಾಲಿನ ಪಕ್ಕದ ಚೌಕದಲ್ಲಿ ನಮ್ಮ ಲಗೇಜ್ ಆಟೋ ಇತ್ತು. ನಾನು ಏನೋ ಕೇಳಲು ಬಾಯಿ ತೆರೆದೆ. ಅವನು ಬಹಳ ಪ್ರೀತಿಯಿಂದಲೇ ಹೇಳಿದ: “ಅತ್ತಿಗೆ, ಇದು ಮ್ಯಾನೇಜ್‌ಮೆಂಟು. ನಿಮಗೆ ಅರ್ಥ ಆಗಲ್ಲ ಬಿಡಿ. ಬೂವನಹಳ್ಳಿಲಿ ಏರ್‌ಪೋರ್ಟ್ ಒಂದು ಆಗ್ಲಿ, ನಮ್ಮ ಕಾಯಿ ಸೀದಾ ದುಬೈಗೆ.” ಆ ಏರ್‌ಪೋರ್ಟಿನ ಮಾತನ್ನು ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಕೇಳುತ್ತಿದ್ದೇನೆ, ಅದಿರಲಿ. ಮಾವನವರು ತಲೆಯಾಡಿಸಿ, “ಸಂಕ್ರಾಂತಿ ಕಳೀಲಿ, ಮಂಡಿ ಮಂಜಂಗೆ ವಯ್ಸಿಬುಡಾಣ. ಓದ್ಕಂಡವ್ನೆ. ನಿಂಗೂ ಒಸಿ ರೆಸ್ಟ್ ಸಿಕ್ತದೆ ಕಣವ್ವ” ಎಂದರು. ರೆಸ್ಟ್! ಹದಿನಾಲ್ಕು ವರ್ಷದಲ್ಲಿ ನಾನು ಯಾರ ಹತ್ತಿರವೂ ರೆಸ್ಟ್ ಕೇಳಿರಲಿಲ್ಲ. ಬಾಯಿಗೆ ಬಂದ ಮಾತನ್ನು ರೊಟ್ಟಿಯ ಜೊತೆ ನುಂಗಿ, ಮಂಡಿಗೆ ಹೋಗಿ, ಮೊದಲ ಲೋಡು ಇಳಿಯುವುದರೊಳಗೆ ಮೊಬೈಲಿನಲ್ಲೇ ಅರ್ಜಿ ತುಂಬಿದೆ. ಓದಿಕೊಂಡವರಿಗೇ ಕುರ್ಚಿ ಎಂದಾದರೆ, ನೋಡೋಣ, ನಾನೂ ಬಿ.ಕಾಂ. ಮಾಡಿದವಳೇ.

ಹಾಸನದ ಕೋಚಿಂಗಿಗೆ ಭಾನುವಾರದ ತಂಡದಲ್ಲಿ ಸೇರಿಕೊಂಡೆ. ಮೊದಲ ದಿನ ಬಸ್ಸಿಳಿದು ಮಹಡಿ ಹತ್ತಿ ಏದುಸಿರು ಬಿಡುತ್ತಾ ಒಳಗೆ ಕಾಲಿಟ್ಟರೆ ಪಾಠ ಮಾಡುವ ಹುಡುಗಿ, “ಪೇರೆಂಟ್ಸ್ ಎಲ್ಲ ಕೆಳಗಡೆ ಕೂತ್ಕೋಬೇಕು ಆಂಟಿ” ಎಂದಳು. “ನಾನು ಪೇರೆಂಟ್ ಅಲ್ಲಮ್ಮ, ಸ್ಟೂಡೆಂಟು” ಎಂದೆ. ಅವಳು ನನ್ನ ರಸೀದಿಯನ್ನು ಎರಡು ಸಲ ಓದಿದಳು. ನಾನು ಮೊದಲನೆಯ ಬೆಂಚಿನಲ್ಲೇ ಕೂತೆ. ಹಿಂದೆ ಕೂತರೆ ಬೋರ್ಡು ಕಾಣುವುದಿಲ್ಲ ಎಂಬುದು ನಿಜವಾದ ಕಾರಣ. ಧೈರ್ಯ ಎಂದು ಉಳಿದವರು ತಿಳಿದುಕೊಂಡರು, ನಾನು ತಿದ್ದಲು ಹೋಗಲಿಲ್ಲ. ಎರಡು ವಾರದಲ್ಲಿ ಆ ಹುಡುಗಿ ಆಂಟಿ ಬಿಟ್ಟು ಅಕ್ಕ ಎನ್ನತೊಡಗಿದಳು, ನಾನು ಅವಳನ್ನು ಮೇಡಂ ಎಂದೇ ಕರೆದೆ.

ಲೆಕ್ಕದಲ್ಲಿ ನನಗೆ ಭಯವಿರಲಿಲ್ಲ. ಅಲ್ಲಿಯೇ ಮೊದಲು ಎಡವಿದ್ದು. ‘ಒಬ್ಬ ವ್ಯಾಪಾರಿ ಎಂಟು ನೂರು ತೆಂಗಿನಕಾಯಿ ಕೊಂಡ. ನೂರಕ್ಕೆ ಹತ್ತು ಕೊಳೆತಿದ್ದವು. ಉಳಿದವು ಎಷ್ಟು?’ ಮೇಡಂ ಬೋರ್ಡಿನಲ್ಲಿ ಬರೆದು ಮುಗಿಸುವುದರೊಳಗೆ ನಾನು “ಎಂಟು ನೂರ ಮೂವತ್ತೆರಡು” ಎಂದು ಕೂಗಿದೆ. ತರಗತಿ ಗೊಳ್ಳೆಂದು ನಕ್ಕಿತು. ನನಗೆ ನಗು ಏಕೆಂದೇ ತಿಳಿಯಲಿಲ್ಲ. ನಮ್ಮ ಮಂಡಿಯಲ್ಲಿ ಮಾರುವವರು ನೂರು ಕಾಯಿಯ ಮೇಲೆ ನಾಲ್ಕು ಕಾಯಿ ಕೊಸರು ಹಾಕುವುದು ಪದ್ಧತಿ. ಕೊಳೆತದ್ದನ್ನು ಎಣಿಸುವಾಗಲೇ ಬದಿಗೆ ಎಸೆದು ಬದಲಿ ಕಾಯಿ ಹಾಕಿಸಿಕೊಳ್ಳುತ್ತೇವೆ. ಹಾಗಾದ ಮೇಲೆ ಎಂಟು ನೂರ ಮೂವತ್ತೆರಡಲ್ಲದೆ ಇನ್ನೆಷ್ಟು? “ಅಕ್ಕ, ಪ್ರಶ್ನೆಯಲ್ಲಿ ಕೊಸರು ಇಲ್ಲ” ಎಂದಳು ಮೇಡಂ. “ಹಾಗಾದರೆ ಪ್ರಶ್ನೆ ಬರೆದೋರು ಕಾಯಿ ಕೊಂಡೋರಲ್ಲ” ಎಂದೆ. ಇವತ್ತಿಗೂ ನನ್ನ ಅಭಿಪ್ರಾಯ ಅದೇ.

ಇನ್ನೊಂದು ಲೆಕ್ಕ. ಎ ಒಬ್ಬನೇ ಒಂದು ಕೆಲಸವನ್ನು ಆರು ದಿನದಲ್ಲಿ ಮಾಡುತ್ತಾನೆ, ಬಿ ಹನ್ನೆರಡು ದಿನದಲ್ಲಿ. ಇಬ್ಬರೂ ಸೇರಿದರೆ ನಾಲ್ಕು ದಿನವಂತೆ. ನಮ್ಮಲ್ಲಿ ಕಾಯಿ ಸುಲಿಯುವ ರಂಗಪ್ಪನನ್ನೂ ಜವರಯ್ಯನನ್ನೂ ಜೊತೆಗೆ ಕೂರಿಸಿ ನೋಡಿ. ಮೊದಲ ದಿನ ಪೂರ್ತಿ ಊರಿನ ಸುದ್ದಿ, ಎರಡನೆಯ ದಿನ ಆ ಸುದ್ದಿಯ ಮೇಲೆ ಜಗಳ. ಏಳು ದಿನಕ್ಕೆ ಕಮ್ಮಿ ಆದರೆ ಕೇಳಿ. ಇದಕ್ಕಿಂತ ದೊಡ್ಡ ಅನಾಹುತವನ್ನು ಮೇಡಂ ಒಂದು ತಿಂಗಳ ನಂತರ ಪತ್ತೆ ಮಾಡಿದಳು. ನನ್ನ ಮಾದರಿ ಪರೀಕ್ಷೆಗಳನ್ನೆಲ್ಲ ಹರಡಿಕೊಂಡು, “ಅಕ್ಕ, ನಾಲ್ಕು ಉತ್ತರದಲ್ಲಿ ನೀವು ಮೊದಲನೇದನ್ನ ಒಂದು ಸಲಾನೂ ಆರಿಸಿಲ್ಲ. ಯಾಕೆ?” ಎಂದಳು. ನಾನೂ ನೋಡಿದೆ. ನಿಜ. ಯೋಚಿಸಿದರೆ ಕಾರಣ ಹೊಳೆಯಿತು: ಎದುರಿನವನು ಮೊದಲು ಹೇಳಿದ ಬೆಲೆಗೆ ನಾನು ಈ ಹದಿನಾಲ್ಕು ವರ್ಷದಲ್ಲಿ ಒಪ್ಪಿದ್ದೇ ಇಲ್ಲ. ಕೈ ತಾನಾಗಿಯೇ ಎರಡನೆಯದಕ್ಕೋ ಮೂರನೆಯದಕ್ಕೋ ಹೋಗುತ್ತಿತ್ತು. ಮೊದಲನೆಯದನ್ನೂ ಮರ್ಯಾದೆಯಿಂದ ನೋಡುವುದನ್ನು ಕಲಿಯಲು ನನಗೆ ದಸರೆಯವರೆಗೆ ಹಿಡಿಯಿತು.

ಒಂದು ಜಾತಿಯ ಪ್ರಶ್ನೆಯಲ್ಲಿ ಮಾತ್ರ ಇಡೀ ತರಗತಿಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಎಂಟು ಜನ ಮೇಜಿನ ಸುತ್ತ ಕೂತಿದ್ದಾರೆ, ಪಿ ಕ್ಯೂ ಪಕ್ಕ ಕೂರುವುದಿಲ್ಲ, ಆರ್ ಎಸ್ ಎದುರು ಕೂರುವುದಿಲ್ಲ, ಟಿ ಎಲ್ಲಿದ್ದಾನೆ? ಇಂಜಿನಿಯರಿಂಗ್ ಓದಿದ ಮಕ್ಕಳು ತಲೆ ಕೆರೆದುಕೊಳ್ಳುತ್ತಿದ್ದವು. ಬೀಗರ ಊಟದಲ್ಲಿ ಯಾರ ಪಕ್ಕ ಯಾರನ್ನು ಕೂರಿಸಬಾರದು, ಯಾರ ಎಲೆಗೆ ಯಾರು ಮೊದಲು ಬಡಿಸಬೇಕು ಎಂಬುದನ್ನು ನಾಲ್ಕು ನಾದಿನಿಯರ ಮದುವೆಯಲ್ಲಿ ಸಂಭಾಳಿಸಿದವಳಿಗೆ ಇದೆಂಥ ಪ್ರಶ್ನೆ? ಪಿ ಎಂದರೆ ನಮ್ಮ ದೊಡ್ಡ ಮಾವ, ಕ್ಯೂ ಅವರ ಜೊತೆ ಮಾತು ಬಿಟ್ಟ ಭಾವಮೈದ ಎಂದುಕೊಂಡರೆ ಮುಗಿಯಿತು. ಎಂಟೂ ಜನ ತಮ್ಮಷ್ಟಕ್ಕೆ ತಾವೇ ಜಾಗ ಹುಡುಕಿಕೊಂಡು ಕೂರುತ್ತಿದ್ದರು.

ಪರೀಕ್ಷೆಯ ದಿನ ತಪಾಸಣೆಯವರು ಹೇರ್‌ಪಿನ್ನು ತೆಗೆಸಿದರು, ಬಳೆ ತೆಗೆಸಿದರು, ಸೆರಗಿನ ಪಿನ್ನನ್ನೂ ಬಿಡಲಿಲ್ಲ. ಕೆದರಿದ ತಲೆಯಲ್ಲಿ, ಜಾರುವ ಸೆರಗನ್ನು ಒಂದು ಕೈಯಲ್ಲಿ ಹಿಡಿದು ಕಂಪ್ಯೂಟರಿನ ಮುಂದೆ ಕೂತೆ. ಒಂದು ಕೋಷ್ಟಕದ ಸಾಲುಗಳನ್ನು ಎಣಿಸಬೇಕಾಯಿತು. ನಮ್ಮಲ್ಲಿ ಎಣಿಸುವಾಗ ಮೊದಲನೆಯದನ್ನು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. “ಲಾಭ, ಎರಡು, ಮೂರು...” ನನಗೆ ಗೊತ್ತಿಲ್ಲದೆಯೇ ರಾಗವಾಗಿ ಹೊರಬಂದಿತು. ಮೇಲ್ವಿಚಾರಕರು ಓಡಿ ಬಂದು, “ಏನ್ ಮೇಡಂ, ಪ್ರಾರ್ಥನೆನಾ?” ಎಂದರು. “ಎಣಿಕೆ” ಎಂದೆ. “ಮನಸ್ಸಲ್ಲಿ ಎಣಿಸ್ಕೊಳಿ” ಎಂದರು. ಮನಸ್ಸಿನಲ್ಲಿ ಎಣಿಸುವುದು ನನಗೆ ಬರುವುದಿಲ್ಲ. ಆ ಕೋಷ್ಟಕವನ್ನು ಹಾಗೆಯೇ ಬಿಟ್ಟು ಮುಂದಿನದಕ್ಕೆ ಹೋದೆ.

ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ಫಲಿತಾಂಶ ಬಂತು. ಎಪ್ಪತ್ತೊಂದು ಪರ್ಸೆಂಟೈಲ್. ಆ ಪರೀಕ್ಷೆಯ ಲೋಕದಲ್ಲಿ ಇದಕ್ಕೆ ಯಾರೂ ಪಟಾಕಿ ಹೊಡೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಮಾವನವರಿಗೆ ಗೊತ್ತಿರಲಿಲ್ಲ. “ನೂರಕ್ಕೆ ಎಪ್ಪತ್ತೊಂದಾ? ಪಸ್ಟ್ ಕ್ಲಾಸು ಕಣವ್ವ!” ಎಂದರು. ತಿಂಡಿ ತಿನ್ನುತ್ತಿದ್ದ ಮಂಜು ತಡೆಯಲಾರದೆ, “ಅಪ್ಪ, ಅದು ಮಾರ್ಕ್ಸ್ ಅಲ್ಲ. ನೂರು ಜನ ಬರೆದ್ರೆ ಅತ್ತಿಗೆ ಎಪ್ಪತ್ತೊಂದು ಜನಾನ ಹಿಂದಕ್ಕೆ ಹಾಕಿದ್ದಾರೆ ಅಂತ, ಅಷ್ಟೇ” ಎಂದು ವಿವರಿಸಿದ. ಪಾಪ, ಇಳಿಸಲು ಹೋಗಿ ಏರಿಸಿಬಿಟ್ಟ. “ಎಪ್ಪತ್ತೊಂದು ಜನಾನ ಇಂದಕ್ಕಾಕವ್ಳಾ!” ಎಂದು ಮಾವನವರು ಎದ್ದೇ ನಿಂತರು. “ನೀನೆಷ್ಟು ಜನಾನ ಆಕಿದ್ದೆ ಕಣ್ಲಾ?” ಮಂಜು, ತನ್ನ ಕಾಲದಲ್ಲಿ ಬೇರೆ ಪರೀಕ್ಷೆ ಇತ್ತು ಎಂದು ಹೇಳಿ ಚಟ್ನಿ ಹಾಕಿಸಿಕೊಂಡ.

ನಾನು ಗೆದ್ದೆ ಎಂದುಕೊಂಡೆ. ಮಾವನವರು ನನ್ನ ತಲೆಯ ಮೇಲೆ ಕೈಯಿಟ್ಟು, “ಇಂಥಾ ಬುದ್ವಂತೆನ ಕಾಯಿ ಎಣ್ಸಕ್ಕೆ ಕೂರ್ಸಿದ್ದು ನನ್ ತಪ್ಪು ಕಣವ್ವ. ನೀನು ಓಗು, ಓದು. ಮಂಡಿ ಮಂಜ ನೋಡ್ಕತಾನೆ” ಎಂದರು.

“ಮಾವ, ನಾನು ಬರೆದದ್ದು ಎದ್ದು ಹೋಗಕ್ಕಲ್ಲ, ಅಲ್ಲೇ ಕೂತ್ಕೊಳ್ಳೋಕೆ. ಆ ಕುರ್ಚಿ ನನಗೆ ಬೇಕು” ಎಂದೆ.

ಅವರು ಆಶ್ಚರ್ಯದಿಂದ ನೋಡಿದರು. “ಬೇಕು ಅಂತ ಬಾಯ್ಬುಟ್ಟು ಕೇಳಿದ್ರೆ ಅವತ್ತೇ ಕೊಡ್ತಿರ್ನಿಲ್ವಾ? ಒಂದಿನಾನೂ ಕೇಳ್ನಿಲ್ವಲ್ಲವ್ವ ನೀನು.”

“ಮಂಜು ಕೇಳಿದ್ನಾ ಮಾವ?”

ಮಾವನವರು ಮಂಜುವನ್ನು ನೋಡಿದರು. ಅವನು ತಟ್ಟೆ ನೋಡಿಕೊಂಡು, “ಇಲ್ಲಪ್ಪ, ನೀವೇ ಕೊಟ್ರಿ” ಎಂದು ಮೆಲ್ಲಗೆ ಹೇಳಿದ. ಮಾವನವರು ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡು, “ಓಗವ್ವ, ಲೋಡು ಬಂದದೆ. ನಿನ್ ಮಂಡಿ ನೀನೇ ನೋಡ್ಕ” ಎಂದರು.

ಈಗ ಚೌಕಗಳ ಚಿತ್ರ ಬದಲಾಗಿದೆ; ಮಂಜುವೇ ಬದಲಾಯಿಸಿದ. ದುಬೈ ಅವನ ಪಾಲಿಗೆ, ಮಂಡಿ ನನ್ನ ಪಾಲಿಗೆ. ಮೊನ್ನೆ ಅವನು, “ಅತ್ತಿಗೆ, ಯಾವುದಾದ್ರೂ ಕಾಲೇಜಿನವರು ಕರೆದ್ರೆ ಏನ್ಮಾಡ್ತೀರಿ?” ಎಂದ. “ನನಗೆ ಪುರುಸೊತ್ತಿಲ್ಲ, ಬರಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಬರೀತೀನಿ” ಎಂದೆ. ಉತ್ತರವನ್ನು ಇಂಗ್ಲಿಷಿನಲ್ಲಿ, ತಪ್ಪಿಲ್ಲದಂತೆ, ಆಗಲೇ ಬರೆದೂ ಇಟ್ಟಿದ್ದೇನೆ. ಅದನ್ನು ಕಳಿಸುವ ಸುಖಕ್ಕಾಗಿ ದಿನಕ್ಕೆ ನಾಲ್ಕು ಸಲ ಮೇಲ್ ತೆಗೆದು ನೋಡುತ್ತೇನೆ. ಇಲ್ಲಿಯವರೆಗೆ ಒಂದು ಕಾಲೇಜೂ ಕರೆದಿಲ್ಲ.